ಲಕ್ಕಿ ಸೊಪ್ಪಿನ ಅತ್ತೆ

ಅತ್ತೆಯ ಬೆರಳುಗಳ ಸಂದಿ ಯಾವಾಗಲೂ ಹಸಿರಾಗಿರುತ್ತಿತ್ತು. ಲಕ್ಕಿ ಸೊಪ್ಪು ಅರೆದು ಅರೆದು ಹತ್ತಿದ ಬಣ್ಣ. ಸೋಪು ಹಾಕಿ ತಿಕ್ಕಿದರೂ ಹೋಗದು. ಕ್ಯಾಸಂಬಳ್ಳಿ ಹತ್ತಿರದ ನಮ್ಮೂರಿನಲ್ಲಿ ಅವರದು ನಮ್ಮ ಪಕ್ಕದ ಮನೆ. ರಕ್ತಸಂಬಂಧವೇನಿಲ್ಲ, ಊರಿಗೇ ಅತ್ತೆ. ಅವರು ಹತ್ತಿರ ಬಂದರೆ ಮೂಗಿಗೆ ಬಡಿಯುವ ಆ ಘಾಟು ನನಗೆ ಬಾಲ್ಯದ ವಾಸನೆ.

ಮೂರು ಸೀಮೆಹಸು ಸಾಕಿದ್ದರು. ಹಾಲು ಕರೆಯುವ ಮೊದಲು ಸೊಪ್ಪು ಕುದಿಸಿದ ನೀರಲ್ಲಿ ಕೆಚ್ಚಲು ತೊಳೆಯಲೇಬೇಕು. ಯಾರ ಹಸುವಿಗೆ ಗಾಯವಾದರೂ, ಯಾರ ಮಕ್ಕಳ ಮಂಡಿ ತರಚಿದರೂ ಜನ ಬಟ್ಟಲು ಹಿಡಿದು ಇವರ ಬಾಗಿಲಿಗೆ ಬರುತ್ತಿದ್ದರು. ಔಷಧಿಯ ಜೊತೆ ಬೈಗುಳವೂ ಸಿಗುತ್ತಿತ್ತು. ಡೈರಿಯ ಕಾರ್ಯದರ್ಶಿ ಮಾತ್ರ 'ಸೊಪ್ಪಿನ ಡಾಕ್ಟ್ರಮ್ಮ' ಎಂದು ಆಡಿಕೊಳ್ಳುತ್ತಿದ್ದ. ಅದು ಅವರಿಗೆ ಬಹಳ ಚುಚ್ಚುತ್ತಿತ್ತು.

ಕೆಜಿಎಫ್ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದುವಾಗ ಪ್ರಾಜೆಕ್ಟಿಗೆ ಅವರ ಬೇಲಿಯ ಸೊಪ್ಪನ್ನೇ ಒಯ್ದೆ. ಹಬೆಯಲ್ಲಿ ಎಣ್ಣೆ ಇಳಿಸಿ, ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ ನಡುವೆ ಒಂದು ಹನಿ ಇಟ್ಟೆ. ಮರುದಿನ ತಟ್ಟೆಯೆಲ್ಲ ಬ್ಯಾಕ್ಟೀರಿಯಾ ಬೆಳೆದು ಮಸುಕು, ಹನಿಯ ಸುತ್ತ ಮಾತ್ರ ತಿಳಿಯಾದ ಉಂಗುರ. ಕುಣಿಯುವಷ್ಟು ಸಂತೋಷವಾಯಿತು. ಅದರ ಫೋಟೊ ಪ್ರಿಂಟ್ ಹಾಕಿಸಿ ಅತ್ತೆಗೆ ಕೊಟ್ಟು, ನಿಮ್ಮ ಸೊಪ್ಪಿನ ಘಾಟೇ ರೋಗದ ಹುಳಗಳನ್ನು ಕೊಲ್ಲುತ್ತದೆ ಅಂದೆ. ಇದು ತಟ್ಟೆಯಲ್ಲಿ ಕಂಡದ್ದು ಅಷ್ಟೇ, ಮೈಯೊಳಗೆ ಇಳಿದ ಕೀವಿನ ವಿಷಯ ಗೊತ್ತಿಲ್ಲ ಎಂದು ವರದಿಯ ಕೊನೇ ಪುಟದಲ್ಲಿ ನಾನೇ ಬರೆದಿದ್ದೆ. ಅವರಿಗೆ ಅದನ್ನು ಹೇಳಲಿಲ್ಲ. ಅವರ ಮುಖ ಅಷ್ಟು ಅರಳಿತ್ತು. ಫೋಟೊ ಗೋಡೆಯಲ್ಲಿ ದೇವರ ಪಕ್ಕ ಏರಿತು.

ಮುಂದಿನ ಬೇಸಿಗೆಯಲ್ಲಿ ಹಸು ಅವರ ಕಾಲು ತುಳಿಯಿತು. ಮೊದಲೇ ಸಕ್ಕರೆ ಕಾಯಿಲೆ. ಹೆಬ್ಬೆರಳು ಕಪ್ಪಾಗುತ್ತಿದ್ದರೂ ಸೊಪ್ಪು ಕಟ್ಟಿಕೊಂಡೇ ಓಡಾಡಿದರು. ಆಸ್ಪತ್ರೆಗೆ ಬಾ ಎಂದು ಮಗಳು ಅತ್ತರೆ ಗೋಡೆಯ ಫೋಟೊ ತೋರಿಸಿದರಂತೆ. ನಾನು ಹಾಸ್ಟೆಲಿನಿಂದ ಬಂದಾಗ ಲಕ್ಕಿಯ ಘಾಟನ್ನೂ ಮೀರಿ ಕೊಳೆತ ವಾಸನೆ ಬಾಗಿಲಿಗೇ ಬರುತ್ತಿತ್ತು. ಸೊಪ್ಪು ಸಾಲದು ಅತ್ತೆ, ಈಗಲೇ ಹೊರಡಿ ಎಂದು ಕೈಮುಗಿದೆ.

"ನೀನೇ ಏಳಿದ್ದಲ್ವೇನಮ್ಮ," ಎಂದರು ಜ್ವರದಲ್ಲಿ ನಡುಗುತ್ತ. "ಈಗ ಇಂಗಂದ್ರೆ ನಾನ್ಯಾರ್ ಮಾತ್ ನಂಬ್ಲಿ?"

ನಾನೂ ಮಗಳೂ ಸೇರಿ ಎತ್ತಿಕೊಂಡೇ ಆಟೋಗೆ ಹಾಕಿದೆವು. ಬಂಗಾರಪೇಟೆಯಲ್ಲಿ ನೋಡಿ ಕೋಲಾರಕ್ಕೆ ಕಳಿಸಿದರು. ಮೊಣಕಾಲಿನವರೆಗೆ ಕಾಲು ತೆಗೆದರು. ನಂಜು ಆಗಲೇ ರಕ್ತಕ್ಕೆ ಸೇರಿತ್ತು. ಐದನೇ ದಿನ ಹೋಗಿಬಿಟ್ಟರು.

ತಿಥಿಯ ದಿನ ಮಗಳು ಫೋಟೊ ಇಳಿಸಿ ನನ್ನ ಕೈಗಿಟ್ಟಳು. ಬೈದಿದ್ದರೆ ಹಗುರಾಗುತ್ತಿದ್ದೆನೇನೋ. "ಬಂದೋರ್ಗೆಲ್ಲ ತೋರ್ಸೋಳು, ನಮ್ ಉಡ್ಗಿ ಮಾಡಿದ್ದು ಅಂತ. ನಿನ್ ಅತ್ರಾನೇ ಇರ್ಲಿ," ಎಂದಳು.

ಈಗ ನಾನು ಕಾಲೇಜಿನಲ್ಲಿ ಅದೇ ಸೂಕ್ಷ್ಮಜೀವಿಶಾಸ್ತ್ರದ ಪಾಠ ಮಾಡುತ್ತೇನೆ. ಆ ಫೋಟೊ ತೋರಿಸುವ ಮುಂಚೆ ನನ್ನ ವರದಿಯ ಕೊನೇ ಪುಟವನ್ನು ಗಟ್ಟಿಯಾಗಿ ಓದಿಸುತ್ತೇನೆ. ಫೋಟೊದ ಅಂಚಿನಲ್ಲಿರುವ ಹಸಿರು ಬೆರಳಚ್ಚು ಯಾರದೆಂದು ಮಕ್ಕಳು ಕೇಳುತ್ತಾರೆ. ಹೇಳಬೇಕಾದ ಒಂದು ಮಾತು ಹೇಳದೆ ನಾನು ಕಳೆದುಕೊಂಡ ಅತ್ತೆಯದು ಎಂದು ಇನ್ನೂ ಹೇಳಲಾಗಿಲ್ಲ.