ಡಾಂಗ್ರಿ ಕಿಸೆಯ ಸ್ಪ್ಯಾನರ್

ಅಮದಳ್ಳಿಯ ಶಾಂತಾರಾಮ ನೌಕಾಪಡೆಯ ಹೆಲಿಕಾಪ್ಟರ್ ದುರಸ್ತಿ ತಂಡದ ಮುಖ್ಯಸ್ಥ. ತಾನು ಸಹಿ ಹಾಕದೆ ಯಂತ್ರ ಮೇಲೇಳುವಂತಿಲ್ಲ ಎಂದು ಊರ ನಾಯಿಗಳಿಗೂ ಹೇಳಿಯಾಗಿತ್ತು. ಹೆಂಡತಿ ನಂದಿನಿ ಸೌಟು ಹುಡುಕುತ್ತಿದ್ದರೆ, "ನಮ್ಮಲ್ಲಿ ಸಂಜೆ ಸ್ಪ್ಯಾನರ್, ಸುತ್ತಿಗೆ ಅಂತ ಒಂದೊಂದು ಹತ್ಯಾರ ಎಣಿಸಿಟ್ಟೇ ಹೊರಡೂದು. ನಿನ್ನ ಅಡುಗೆಮನೆ ಹಂಗಲ್ಲ" ಎಂದು ನಗುತ್ತಿದ್ದ.

ಮೊನ್ನೆ ಬೆಳಿಗ್ಗೆ ಅವನು ಕೆಲಸಕ್ಕೆ ತೊಡುವ ಎಣ್ಣೆಗಟ್ಟಿದ ಡಾಂಗ್ರಿ ನೆನೆಹಾಕುವ ಮೊದಲು ನಂದಿನಿ ಎಂದಿನಂತೆ ಕಿಸೆಗಳನ್ನು ತಡವಿದಳು. ಬೆರಳುದ್ದದ ಸ್ಪ್ಯಾನರ್ ಸಿಕ್ಕಿತು. ಅಷ್ಟರಲ್ಲಿ ಅವನ ಫೋನು ಬಂತು.

"ಡಾಂಗ್ರಿ ಕಿಸೆ ನೋಡೇ. ಒಂದು ಸ್ಪ್ಯಾನರ್ ಕಡಿಮೆ ಅಂತ ಹೆಲಿಕಾಪ್ಟರ್ ನಿಲ್ಸಿ, ಬಿಚ್ಚಿ ಹುಡುಕ್ತಾ ಇದ್ದಾರೆ."

"ಸಿಕ್ತು. ನಿನ್ನೆ ಎಣಿಸ್ಲಿಲ್ವಾ?"

"ಎಣಿಸದೇ ಸಹಿ ಹಾಕ್ದೆ. ನಮ್ಮ ಹುಡುಗ ಸಂದೇಶನೇ ಕಳೆದದ್ದು ಅಂತ ಸಾಹೇಬ್ರಿಗೆ ಹೇಳಿಯಾಯ್ತು. ಗೇಟಿಗೆ ತಾ, ಅವನ ಹತ್ಯಾರದ ಪೆಟ್ಟಿಗೇಲಿ ಹಾಕ್ತೇನೆ. ಯಾರು ಕೇಳಿದ್ರೂ ಊಟದ ಡಬ್ಬಿ ಅನ್ನು."

ತಂಡದಲ್ಲಿ ಅವನ ಕೈಕೆಳಗಿನ ಸಂದೇಶನಿಗೆ ಶಿಕ್ಷೆ ಖಚಿತವಾಗಿತ್ತು. ನಂದಿನಿ ನೌಕಾನೆಲೆಯ ಗೇಟಿಗೆ ಹೋದಳು. ಆದರೆ ಗಂಡನನ್ನಲ್ಲ, ಅವನ ಅಧಿಕಾರಿಯನ್ನು ಕರೆಸಿದಳು. ಹಿಂದೆಯೇ ಓಡಿಬಂದ ಶಾಂತಾರಾಮ ಕಣ್ಣಿನಲ್ಲೇ ಗದರಿಸಿದ.

"ಇವ್ರ ಕಿಸೇಲೇ ಇತ್ತು ಸಾಹೇಬ್ರೆ," ಎಂದು ನಂದಿನಿ ಸ್ಪ್ಯಾನರ್ ಚಾಚಿದಳು. "ಸಂದೇಶಂಗೆ ಹುಡುಕೂದು ಸಾಕು ಅನ್ನಿ. ಪಾಪ, ಬೆಳಿಗ್ಗಿಂದ ಹಸ್ದಿರ್ತಾನೆ."