ಇಲ್ಲೇ ಎಂಬ ಊರಿಗೆ ಪುಟ್ಟ ಕಾರು

ಆ ಭಾನುವಾರ ನಮ್ಮ ಕಾರು ತಾನಾಗಿ ನಿಂತಿತೋ, ನಾನೇ ನಿಲ್ಲಿಸಿದೆನೋ, ಈಗಲೂ ಖಚಿತವಾಗಿ ಹೇಳಲಾರೆ. ಹೊಳೆನರಸೀಪುರ ದಾಟಿ ಅರಕಲಗೂಡಿನ ದಾರಿಯಲ್ಲಿ, ರಸ್ತೆಬದಿಯ ಹೋಟೆಲೊಂದರ ಮುಂದೆ, ಬ್ಯಾಟರಿ ಪೂರ್ತಿ ಬರಿದಾಗಿ ಅದು ನಿಂತುಹೋಯಿತು ಎಂದು ನನ್ನ ನೆನಪು. ಬ್ಯಾಟರಿಯಲ್ಲಿ ಇನ್ನೂ ಒಂದು ಗೆರೆ ಇತ್ತು, ಬರಿದಾದದ್ದು ನಿಮ್ಮ ಧೈರ್ಯ ಎಂದು ನನ್ನ ಹೆಂಡತಿ ಶಶಿಯ ವಾದ. ನಾನು ಮೂತ್ರಕ್ಕೆ ಇಳಿದವನು, ಹೇಳಿಕೊಳ್ಳಲು ನಾಚಿ ತಪ್ಪನ್ನು ಕಾರಿನ ಮೇಲೆ ಹಾಕಿದೆ ಎಂದು ದೊಡ್ಡಪ್ಪನ ತೀರ್ಪು. ಮೈಸೂರಿನಲ್ಲಿ ತತ್ವಶಾಸ್ತ್ರ ಓದಿದವನಿಗೆ ಬರುವ ಕಾಯಿಲೆಯೆಂದರೆ ಇದೇ: ಮೂರನ್ನೂ ಕೇಳಿದ ಮೇಲೆ ನನ್ನದೇ ಎಲ್ಲಕ್ಕಿಂತ ಅನುಮಾನಾಸ್ಪದವಾಗಿ ಕಾಣತೊಡಗುತ್ತದೆ.

ಕಾರು ಪುಟ್ಟದು. ಕರೆಂಟಿನಲ್ಲಿ ಓಡುವಂಥದ್ದು. ಎರಡೇ ಬಾಗಿಲು, ಕಾಗದದ ಮೇಲೆ ನಾಲ್ಕು ಸೀಟು. ಹಾಸನದ ಸಂತೆಪೇಟೆಯ ಗಲ್ಲಿಗಳಲ್ಲಿ ಅದನ್ನು ಓಡಿಸುವಾಗ ನನಗೆ ನಾನೇ ಬುದ್ಧಿವಂತನಂತೆ ಕಾಣುತ್ತಿದ್ದೆ. ಎರಡು ಸ್ಕೂಟರುಗಳ ನಡುವಿನ ಜಾಗದಲ್ಲಿ ನಿಲ್ಲಿಸಿ, ಇಳಿದು, ದೊಡ್ಡ ಗಾಡಿಯಲ್ಲಿ ಸುತ್ತು ಹೊಡೆಯುತ್ತಿದ್ದವರನ್ನು ಕರುಣೆಯಿಂದ ನೋಡುತ್ತಿದ್ದೆ. ಒಬ್ಬನೇ ಮನುಷ್ಯ ತರಕಾರಿ ತರಲು ಏಳು ಸೀಟುಗಳನ್ನು ಹೊತ್ತುಕೊಂಡು ಹೋಗುವುದು ಎಂಥ ಅವಿವೇಕ ಎಂದು ಕೇಳಿದವರಿಗೂ ಕೇಳದವರಿಗೂ ಉಪನ್ಯಾಸ ಕೊಡುತ್ತಿದ್ದೆ.

ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದದ್ದು ಒಂದೇ ಒಂದು ಪದವನ್ನು. ಅದು 'ಇಲ್ಲೇ'.

ನಮ್ಮ ಸೀಮೆಯಲ್ಲಿ ಎಲ್ಲವೂ ಇಲ್ಲೇ ಇರುತ್ತದೆ. ಪದವನ್ನು ಗಿಡ್ಡವಾಗಿ ಹೇಳಿದರೆ ಪಕ್ಕದ ಬೀದಿ. ತುಸು ಎಳೆದರೆ ಪಕ್ಕದ ಹಳ್ಳಿ. ಎಳೆದು, ಜೊತೆಗೆ ಗದ್ದವನ್ನೂ ಮೇಲೆತ್ತಿ ದಿಕ್ಕು ತೋರಿಸಿದರೆ ಇನ್ನೊಂದು ತಾಲ್ಲೂಕು. ಪುಟ್ಟ ಕಾರನ್ನು ಕಲ್ಪಿಸಿದವನ ಊರಿನಲ್ಲಿ ಆಸ್ಪತ್ರೆ, ಅಂಗಡಿ, ಅತ್ತೆಮನೆ ಎಲ್ಲ ನಿಜವಾಗಿಯೂ ಇಲ್ಲೇ ಇದ್ದಿರಬೇಕು. ನನಗೋ ಸಂಬಳ ಹಾಸನದಲ್ಲಿ, ದೊಡ್ಡಪ್ಪ ಹೊಳೆನರಸೀಪುರದಲ್ಲಿ, ಚಿಕ್ಕಮ್ಮ ಚನ್ನರಾಯಪಟ್ಟಣದಲ್ಲಿ. ಇವರೆಲ್ಲರ ನಡುವೆ ಗದ್ದೆ, ತೆಂಗು, ಉಬ್ಬುತಗ್ಗು, ಮತ್ತೆ ಗದ್ದೆ. ಸಾಲದ್ದಕ್ಕೆ ನನ್ನ ತಂಗಿ ಮಂಗಳಳಿಗೆ ಗಂಡು ಸಿಕ್ಕಿದ್ದು ಅರಕಲಗೂಡಿನಲ್ಲಿ.

ಮಂಗಳ ಹಾಸನದಲ್ಲಿ ನಮ್ಮ ಜೊತೆಗೇ ಇದ್ದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಬಂದ ಗಂಡುಗಳನ್ನೆಲ್ಲ ಬೇಡ ಬೇಡ ಎನ್ನುತ್ತಲೇ ಮೂವತ್ತು ದಾಟಿದವಳು, ಈ ಸಲ ಮಾತ್ರ ಕಾಫಿ ಲೋಟ ಕೆಳಗಿಡುವ ಮೊದಲೇ "ಆಗಬಹುದು" ಎಂದಿದ್ದಳು. ಗಂಡಿನ ಕಡೆಯವರು ಬಂದು ನೋಡಿ ಒಪ್ಪಿಯಾಗಿತ್ತು. ನಮ್ಮ ಕಡೆಯವರು ಹೋಗಿ ಅವರ ಮನೆ ನೋಡಿಕೊಂಡು ಬರುವುದೊಂದು ಬಾಕಿ. ಹೇಳಿದ ದಿನ ಮನೆ ನೋಡಲು ಹೋಗದಿದ್ದರೆ ಮನಸ್ಸಿಲ್ಲ ಎಂದೇ ಅರ್ಥ. ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಸುಮ್ಮನೆ ಬೇರೆ ಹೆಣ್ಣು ನೋಡಲು ಹೊರಡುತ್ತಾರೆ. ಹಾಗೆ ಕಾದು ಕೂತಿದ್ದ ಇನ್ನೊಂದು ಮನೆಯೂ ಇತ್ತಂತೆ. "ಅಣ್ಣಾ, ಈ ಸಲ ಮಾತ್ರ ನಿನ್ನ ವಾದ ಎಲ್ಲ ಮನೇಲೇ ಬಿಟ್ಟೋಗು" ಎಂದು ಮಂಗಳ ಬೆಳಿಗ್ಗೆ ಗೇಟಿನವರೆಗೆ ಬಂದು ಹೇಳಿದಳು. ಊಟದ ಹೊತ್ತಿಗೆ ಬರುತ್ತೇವೆಂದು ಅವರಿಗೆ ಮಾತು ಕೊಟ್ಟಿದ್ದೆವು.

ಬಾಡಿಗೆಗೆ ದೊಡ್ಡ ಗಾಡಿ ಮಾಡು ಎಂದು ದೊಡ್ಡಪ್ಪ ಹಿಂದಿನ ದಿನವೇ ಫೋನಿನಲ್ಲಿ ಹೇಳಿದ್ದ. ಇರುವ ನಾಲ್ಕು ಜನಕ್ಕೆ ನಾಲ್ಕು ಸೀಟು ಸಾಕು ಎಂದು ನಾನು ಸಾಧಿಸಿ ತೋರಿಸಿದ್ದೆ. ಶಶಿಯೂ ನಾನೂ ಹಾಸನದಿಂದ ಹೊರಟು ಹೊಳೆನರಸೀಪುರ ಮುಟ್ಟಿದಾಗ ದೊಡ್ಡಪ್ಪ ಜರಿಯಂಚಿನ ಪಂಚೆಯುಟ್ಟು ಜಗಲಿಯ ಮೇಲೆ ಸಿದ್ಧನಾಗಿದ್ದ. ದೊಡ್ಡಮ್ಮ ಮಾತ್ರ ಜ್ವರದಿಂದ ಮಲಗಿದ್ದಳು.

"ಬಾ ದೊಡ್ಡಪ್ಪ, ಮೂರೇ ಜನ, ಆರಾಮಾಗಿ ಕೂರಬಹುದು" ಎಂದೆ.

ದೊಡ್ಡಪ್ಪ ಹಾವು ಕಂಡವನಂತೆ ಕಾಲು ಹಿಂದಕ್ಕೆಳೆದುಕೊಂಡ. "ಮೂರ್ ಜನ ಓಗದಾ? ಶುಭಕಾರ್ಯಕ್ಕೆ? ಅದ್ಯಾವ ಪುಸ್ತಕ್‌ದಲ್ಲಿ ಓದ್ಬುಟ್ಟೆ ಕಣ್ಲಾ?"

ಮೂವರು ಹೋದರೆ ಕೆಲಸ ಕೆಡುತ್ತದೆ ಎಂಬುದಕ್ಕೆ ಆಧಾರವೇನು ಎಂದು ಕೇಳಲು ಬಾಯಿ ತೆರೆದೆ. ಶಶಿ ಕಣ್ಣಿನಲ್ಲೇ ಮುಚ್ಚಿಸಿದಳು. ಹಾಗಾದರೆ ಪಕ್ಕದ ಮನೆಯವರನ್ನೇ ಯಾರನ್ನಾದರೂ ಕರೆದುಕೊಳ್ಳೋಣ ಎಂದೆ.

"ಸಂಬಂಧ ಇಲ್ದೋರ್ನ ಕೂರಿಸ್ಕಂಡೋದ್ರೆ, ಇವ್ರಿಗೆ ಜನಾನೇ ಇಲ್ವೇನೋ ಅಂತಾರೆ. ನಿಮ್ ಚಿಕ್ಕವ್ವನ್ನ ಕರ್ಕಂಡ್ರಾಯ್ತು. ಪಟ್ಣ ಇಲ್ಲೇ ಅಲ್ವಾ!" ಎಂದು ದೊಡ್ಡಪ್ಪ ಗದ್ದ ಎತ್ತಿದ.

ಗದ್ದ ಎತ್ತಿದ್ದನ್ನು ನಾನು ಗಮನಿಸಬೇಕಿತ್ತು. ಹೋಗಬೇಕಾಗಿದ್ದದ್ದು ಪಡುವಣಕ್ಕೆ, ನಾವು ಹೊರಟದ್ದು ಮೂಡಣಕ್ಕೆ, ಚನ್ನರಾಯಪಟ್ಟಣಕ್ಕೆ. ಒಬ್ಬಳನ್ನು ಕರೆತರಲು ಒಂದು ತಾಲ್ಲೂಕು ದಾಟಿ ಹೋಗಿ, ಹೋದ ದಾರಿಯಲ್ಲೇ ಹಿಂದಿರುಗಿ, ಅನಂತರ ನಿಜವಾದ ಪ್ರಯಾಣ ಶುರುಮಾಡುವುದು. ಈ ಓಡಾಟದ ವಿಷಯ ಕಾರು ಮಾಡಿದವರಿಗೆ ಯಾರೂ ಹೇಳಿರಲಿಲ್ಲ. ಬ್ಯಾಟರಿಯ ಗೆರೆಗಳು ಒಂದೊಂದಾಗಿ ಉದುರುತ್ತಿದ್ದವು. ನನ್ನ ಕಣ್ಣು ರಸ್ತೆಗಿಂತ ಅವುಗಳ ಮೇಲೇ ಹೆಚ್ಚಾಗಿತ್ತು.

ಚಿಕ್ಕಮ್ಮ ಒಬ್ಬಳೇ ಬರಲಿಲ್ಲ. ಒಂದು ಚೀಲ ತೆಂಗಿನಕಾಯಿ, ಒಂದು ಗೊನೆ ಬಾಳೆಹಣ್ಣು, ಹೂವಿನ ಕುಕ್ಕೆ ಜೊತೆಗಿದ್ದವು. ಬರಿಗೈಯಲ್ಲಿ ಹೋಗಲಾಗುತ್ತದೆಯೇ? ಹಿರಿಯನೆಂದು ದೊಡ್ಡಪ್ಪ ಮುಂದೆ ಕೂತಿದ್ದ. ಎರಡೇ ಬಾಗಿಲ ಕಾರಾದ್ದರಿಂದ ಚಿಕ್ಕಮ್ಮ ಹಿಂದೆ ಹತ್ತಲು ದೊಡ್ಡಪ್ಪ ಇಳಿಯಬೇಕು, ಸೀಟು ಮಡಚಬೇಕು, ಅವಳು ಬಗ್ಗಿ ನುಗ್ಗಬೇಕು. ಅವಳು ನುಗ್ಗಿದ ಮೇಲೆ ಚೀಲ, ಚೀಲದ ಮೇಲೆ ಗೊನೆ, ಗೊನೆಯ ಪಕ್ಕ ಶಶಿ. "ಇದೇನಪ್ಪ, ಕೋಳಿ ಮಂಕ್ರಿಗೆ ತುಂಬ್ದಂಗೆ ತುಂಬ್ತೀಯ!" ಎಂದಳು ಚಿಕ್ಕಮ್ಮ. ನಗರದ ಸಂಚಾರಕ್ಕೆ ಪುಟ್ಟ ಕಾರೇ ಸೂಕ್ತ ಎಂಬ ನನ್ನ ಉಪನ್ಯಾಸವನ್ನು ಬದಿಗಿಟ್ಟು ಕಾರು ತಿರುಗಿಸಿದೆ.

ಮುಂದೆ, ಮೊದಲೇ ಹೇಳಿದೆನಲ್ಲ, ಆ ಹೋಟೆಲಿನ ಮುಂದೆ ಕಾರು ನಿಂತಿತು, ಅಥವಾ ನಿಲ್ಲಿಸಿದೆ. ಹೋಟೆಲಿನಾಕೆಯನ್ನು ಬೇಡಿ, ಚಟ್ನಿ ರುಬ್ಬುವ ಮಿಕ್ಸಿಯ ಪ್ಲಗ್ಗನ್ನು ಕಿತ್ತು ಕಾರಿಗೆ ಸಿಕ್ಕಿಸಿದೆ. "ಅಲ್ಲ ಸಾ, ಮೊಬೈಲ್ ಚಾರ್ಜಿಗೆ ಬರೋರ್ನ ನೋಡಿವ್ನಿ, ಗಾಡಿನೇ ತಕ್ಕಂಬಂದೋರ್ನ ಇವತ್ತೇ ನೋಡಿದ್ದು" ಎಂದು ಆಕೆ ನಕ್ಕಳು. ಸ್ವಲ್ಪ ಹೊತ್ತಿಗೆ ಕರೆಂಟೂ ಹೋಯಿತು. ಮತ್ತೆ ಬಂತು. ಅದು ಹೋಗಿ ಬರುವುದರ ನಡುವೆ ಊಟದ ಹೊತ್ತು ಕಳೆದೇ ಹೋಯಿತು. ದೊಡ್ಡಪ್ಪ ಬೆಂಚಿನ ಮೇಲೆ ಕೂತು, ಬಾಡಿಗೆಗೆ ಮಾಡದ ಆ ದೊಡ್ಡ ಗಾಡಿಯನ್ನು ತೀರಿಹೋದ ನೆಂಟನನ್ನು ನೆನೆಯುವಂತೆ ನೆನೆಯುತ್ತಿದ್ದ.

ಆಗ ಮಂಗಳ ಫೋನು ಮಾಡಿದಳು. "ಅಣ್ಣಾ, ಅವರಮ್ಮ ಫೋನ್ ಮಾಡಿದ್ರು. ಮನಸ್ಸಿಲ್ದಿದ್ರೆ ಹೇಳ್ಬಿಡಿ, ಬೇಜಾರಿಲ್ಲ ಅಂದ್ರು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು. ಬರುತ್ತಿದ್ದೇವೆಂದು ಹೇಳು, ಇಲ್ಲೇ ಇದ್ದೇವೆ ಎಂದೆ. ಹೇಳಿದ ಮೇಲೆ ನನ್ನ ಬಾಯಿಂದ ಬಂದ ಪದ ಯಾವುದೆಂದು ತಿಳಿದು ಬೆವರಿದೆ.

ಅರಕಲಗೂಡಿನ ಆಚೆ ಅಂಚಿನಲ್ಲಿದ್ದ ಆ ಮನೆಯ ಮುಂದೆ ಕಾರು ನಿಂತಾಗ ಹುಡುಗನ ತಾಯಿ ಗೇಟಿನಲ್ಲೇ ಇದ್ದರು. ಸಮಾಧಾನದಿಂದ ಬಾಗಿಲಿಗೆ ಕೈ ಹಾಕಿದೆ. ಅವರು ಎರಡೂ ಕೈ ಎತ್ತಿ ತಡೆದರು.

"ಇಳೀಬ್ಯಾಡಿ, ಇಳೀಬ್ಯಾಡಿ! ಈಗ್ತಾನೆ ರಾಹುಕಾಲ ಶುರುವಾಯ್ತು. ಕಾಲು ಕೆಳೀಕಿಕ್ಬ್ಯಾಡಿ. ಮುಗುದ್ಮೇಲೆ ಒಳೀಕ್ ಬರೀರಂತೆ."

ಭಾನುವಾರದ ರಾಹುಕಾಲ ಸಂಜೆ ನಾಲ್ಕೂವರೆಗೆ ಬಂದು ಕೂತರೆ ಆರರವರೆಗೆ ಏಳುವುದಿಲ್ಲ. ಅಷ್ಟು ಹೊತ್ತೂ ನಾವು ನಾಲ್ವರು, ಒಂದು ಚೀಲ, ಒಂದು ಗೊನೆ, ಆ ಕಾರಿನೊಳಗೆ. ಅವರು ಕಿಟಕಿಯಿಂದಲೇ ಮಜ್ಜಿಗೆ ಕೊಟ್ಟು, ಜಗಲಿಯ ಮೇಲೆ ನಮ್ಮೆದುರಿಗೇ ಕೂತರು. ಶಶಿ ಮೆಲ್ಲಗೆ "ಗಾಜು ಏರಿಸಿ" ಎಂದಳು. ಏರಿಸಿದೆ. ಕೂಡಲೇ ಬೆಳಿಗ್ಗೆಯಿಂದ ತಡೆಹಿಡಿದದ್ದೆಲ್ಲ ಹೊರಬಿತ್ತು. ಇದು ಕಾರಲ್ಲ, ಹಟ ಎಂದು ಶಶಿ. ಓದಿ ಓದಿ ಬುದ್ಧಿಯ ಅಳತೆಗೇ ಗಾಡಿ ತಂದಿದ್ದಾನೆ ಎಂದು ದೊಡ್ಡಪ್ಪ. ಮೂರು ಜನ ಹೋಗಬಾರದೆಂಬ ನಿನ್ನ ಮೂಢನಂಬಿಕೆಯಿಂದಲೇ ಇಷ್ಟೆಲ್ಲ ಆಯಿತು ಎಂದು ನಾನು ಕಿರುಚಿದೆ. ಕಾಲು ಜೋಮು ಹಿಡಿದು ಅಳುವಂತಾಗಿದ್ದ ಚಿಕ್ಕಮ್ಮ ಒಂದೇ ಮಾತು ಹೇಳಿದಳು: "ನಗ್‌ನಗ್ತಾ ಬೈರೋ! ಆ ಯಮ್ಮ ನೋಡ್ತಾವ್ರೆ!"

ಆಮೇಲೆ ನಾವು ನಗುತ್ತಲೇ ಬೈದಾಡಿದೆವು. ಹಲ್ಲು ಕಿರಿದುಕೊಂಡು ಮೂರು ತಲೆಮಾರಿನ ಕಹಿಯನ್ನು ಹೊರತೆಗೆದೆವು. ನಡುನಡುವೆ ಜಗಲಿಯ ಕಡೆ ತಿರುಗಿ ಕೈಬೀಸಿದೆವು.

ರಾಹುಕಾಲ ಮುಗಿದು, ಕೈಕಾಲು ನೆಟ್ಟಗಾಗದ ನಾವು ಒಬ್ಬೊಬ್ಬರಾಗಿ ಇಳಿದು ಒಳಗೆ ಹೋದಾಗ, ಕೆಲಸ ಕೆಟ್ಟಿತೆಂದೇ ನಾನು ತೀರ್ಮಾನಿಸಿಬಿಟ್ಟಿದ್ದೆ. ಆ ತಾಯಿ ತಟ್ಟೆಯಲ್ಲಿ ಒಬ್ಬಟ್ಟು ಹಾಕುತ್ತಾ ಮಗನ ಕಡೆ ತಿರುಗಿದರು.

"ನೋಡ್ದೇನ್ಲಾ? ಅಷ್ಟ್ ಪುಟ್ಟ ಡಬ್ಬೀಲಿ ನಾಕ್ ಜನ ಅಷ್ಟೊತ್ತು ನಗ್‌ನಗ್ತಾ ಮಾತಾಡ್ಕಂಡು ಕುಂತಿದ್ರಲ್ಲ! ಇಷ್ಟು ದೊಡ್ಡ ಮನೇಲಿ ನಮ್ ಮೂರು ಜನಕ್ಕೆ ಅಂಗೆ ಕೂರಾಕಾಯ್ತದಾ? ನಂಗೆ ಇಂಥ ಮನೆ ಹೆಣ್ಣೇ ಬೇಕು ಕಣಪ್ಪ."

ದೊಡ್ಡಪ್ಪ ಕೆಮ್ಮಿದ. ಶಶಿ ಒಬ್ಬಟ್ಟನ್ನು ತೀರಾ ಆಸಕ್ತಿಯಿಂದ ನೋಡತೊಡಗಿದಳು. ನಾನು ಮೆಟ್ಟಿಲಿಗೆ ಹೋಗಿ ಮಂಗಳಳಿಗೆ ಫೋನು ಮಾಡಿದೆ. ಅವಳು ಮೂಗೆಳೆದುಕೊಂಡದ್ದು ಕೇಳಿಸಿತು.

ಈಗ ಅವಳು ಅರಕಲಗೂಡಿನ ಸೊಸೆ. ನಮ್ಮ ಜಿಲ್ಲೆಗೆ ಪುಟ್ಟ ಕಾರು ಒಗ್ಗುತ್ತದೆಯೇ ಎಂದು ಯಾರಾದರೂ ಕೇಳಿದರೆ, ಒಗ್ಗುವುದಿಲ್ಲ ಎಂದೇ ಹೇಳುತ್ತೇನೆ. ತಂಗಿಯನ್ನು ನೋಡಲು ಬಸ್ಸಿನಲ್ಲಿ ಹೋಗುತ್ತೇನೆ. ಆದರೆ ಆ ತಾಯಿಯ ಮೆಚ್ಚುಗೆ ನಿಜವೋ, ಎಲ್ಲ ಕೇಳಿಸಿಕೊಂಡೂ ದೊಡ್ಡತನದಿಂದ ಆಡಿದ ಮಾತೋ ಎಂಬ ಅನುಮಾನ ನನ್ನನ್ನು ಬಿಡಲಿಲ್ಲ. ಕೊನೆಗೆ ಒಂದು ಸಂಜೆ ಶಶಿಯನ್ನು ಕಾರಿನಲ್ಲಿ ಕೂರಿಸಿ, ಗಾಜು ಏರಿಸಿ, ಅಂದು ಹೇಳಿದ್ದನ್ನೆಲ್ಲ ಅದೇ ದನಿಯಲ್ಲಿ ಇನ್ನೊಮ್ಮೆ ಹೇಳು ಎಂದೆ. ಆಕೆಗೆ ಎರಡನೆಯ ಸಲ ಕೇಳಬೇಕಾಗಲಿಲ್ಲ. ನಾನು ಆ ಜಗಲಿಯಷ್ಟು ದೂರದಲ್ಲಿ ನಿಂತು ಕಿವಿಗೊಟ್ಟೆ. ಅವಳು ಬಹಳ ಹೊತ್ತು ಮಾತಾಡಿದಳು. ಒಂದಕ್ಷರವೂ ಕೇಳಿಸಲಿಲ್ಲ.