ಮೂರನೆಯ ಪೀಪಾಯಿ

ನನ್ನ ಗಂಡ ಊಟಕ್ಕೆ ಕೂತು ಹೆಸರಿಡದೆ ಎದ್ದ ದಿನವೇ ಇರಲಿಲ್ಲ. ಹುಳಿಗೆ ಇಂಗು ಜಾಸ್ತಿ, ಪಲ್ಯಕ್ಕೆ ಉಪ್ಪು ಕಡಿಮೆ, ಅನ್ನ ಮುದ್ದೆಯಾಗಿದೆ. ದಿನಕ್ಕೊಂದು. ಮೈಸೂರಿನಲ್ಲಿ ಮದುವೆಯಾದ ವಾರ ಶುರುವಾದ ಚಾಳಿ ಲಂಡನ್ನಿನ ಸ್ಟ್ಯಾನ್ಮೋರಿನ ಈ ಮನೆಯವರೆಗೂ ಬಂತು. ಆಸ್ಪತ್ರೆಯಲ್ಲಿ ಅವರು ಅರಿವಳಿಕೆ ಡಾಕ್ಟರು, ರೋಗಿಗಳ ಹತ್ತಿರ ಬೆಣ್ಣೆಯಂಥ ಮಾತು. ಮನೆಗೆ ಬಂದು ತಟ್ಟೆ ಮುಂದೆ ಕೂತರೆ ಮಾತ್ರ ಪರೀಕ್ಷಕರು. ನಾನೂ ಸುಮ್ಮನಿರುವವಳಲ್ಲ. "ನೀವೇ ಒಂದು ದಿನ ಮಾಡಿ ನೋಡೋಣ, ನಾನೂ ಕೂತು ಹೆಸರಿಡ್ತೀನಿ" ಅನ್ನುತ್ತಿದ್ದೆ.

ಹಾಗೆ ಅಂದದ್ದೇ ತಪ್ಪಾಯಿತೇನೋ. ರಿಟೈರಾದ ಮೇಲೆ ಆ ಮಹಾಶಯರು ಮಾಡಲು ಹೊರಟ ಅಡಿಗೆ ಯಾವುದು? ಬಿಯರ್! ಬಾಗಿಲು ಮುಚ್ಚುತ್ತಿದ್ದ ಒಂದು ಸಣ್ಣ ಬ್ರೂವರಿಯಿಂದ ಮೂರು ಹಳೆಯ ಸ್ಟೀಲ್ ಪೀಪಾಯಿ ಕೊಂಡು, ಕಾರಿನಲ್ಲಿ ಹೇರಿಕೊಂಡು ಬಂದರು. ಒಂದೊಂದರಲ್ಲೂ ಐವತ್ತು ಲೀಟರ್ ಹಿಡಿಯುತ್ತದೆ. ನಾನು ಬಾಗಿಲಲ್ಲೇ ತಡೆದೆ.

"ಗ್ಯಾರೇಜಿನ ಹೊಸಿಲು ದಾಟಿ ಅದು ಒಳಗೆ ಬಂದ್ರೆ ನೋಡಿ. ನಾನಂತೂ ಆ ಕಡೆ ಕಾಲಿಡಲ್ಲ."

"ಬಾರ್ಲಿ ನೀರು ಕಣೇ ಅದು. ಜ್ವರ ಬಂದಾಗ ನಿಮ್ಮಜ್ಜಿ ಕೊಡ್ತಿರಲಿಲ್ವಾ?"

"ನಮ್ಮಜ್ಜಿ ಕೊಟ್ಟಿದ್ದು ಕುಡಿದು ಯಾರೂ ತೂರಾಡ್ತಿರಲಿಲ್ಲ!"

ಪಕ್ಕದ ಮನೆಯಲ್ಲಿ ಒಬ್ಬ ಇಂಗ್ಲಿಷ್ ಮುದುಕರಿದ್ದಾರೆ. ಹೆಂಡತಿ ಇಲ್ಲ, ಜೀವನವೆಲ್ಲ ಪ್ಲಂಬರ್ ಕೆಲಸ ಮಾಡಿದವರು. ಇಬ್ಬರಿಗೂ ಒಳ್ಳೆಯ ಜೋಡಿ ಸಿಕ್ಕಿತು. ಮೊದಲು ಪೀಪಾಯಿಯೊಳಗೆ ಉಳಿದಿದ್ದ ಗ್ಯಾಸನ್ನೆಲ್ಲ ಬುಸ್ ಎಂದು ಹೊರಗೆ ಬಿಟ್ಟರು. ಆಮೇಲೆ ಲೋಹ ಕೊಯ್ಯುವ ಯಂತ್ರ ಹಿಡಿದು ಮೇಲ್ಭಾಗವನ್ನು ದುಂಡಗೆ ಕೊಯ್ದು ತೆಗೆದರು. ಆ ಕರ್ಕಶ ಶಬ್ದಕ್ಕೆ ನನ್ನ ತಲೆ ಸಿಡಿದುಹೋಗುತ್ತಿತ್ತು. ಕೈಗೆ ತಾಗದಂತೆ ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿದರು. ತಳದ ಹತ್ತಿರ ತೂತು ಕೊರೆದು ಒಂದೊಂದು ನಲ್ಲಿ ಕೂರಿಸಿದರು. ಒಂದು ಪೀಪಾಯಿ ನೀರು ಕಾಯಿಸಲು, ಇನ್ನೊಂದು ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ನೆನೆಸಲು, ಮೂರನೆಯದು ಆ ರಸವನ್ನು ಕುದಿಸಲು. "ಪ್ರತಿ ಸಲ ನಲ್ಲಿ ಬಿಚ್ಚಿ ತೊಳೀಬೇಕು, ಒಳಗೆ ಸಿಕ್ಕೊಂಡಿದ್ದು ಕಣ್ಣಿಗೆ ಕಾಣಲ್ಲ" ಎಂದು ಊಟ ಮಾಡುತ್ತಾ ನನಗೆ ಪಾಠ ಹೇಳಿದ್ದರು. ನಾನು ಹೂಂ ಅಂದಿದ್ದೆ, ಅಷ್ಟೆ.

ಮೂರೂ ಸಿದ್ಧವಾದ ವಾರವೇ ಇವರಿಗೆ ಕರುಳಿನ ಕ್ಯಾನ್ಸರ್ ಎಂದು ಗೊತ್ತಾಯಿತು. ಮೊದಲು ಆಪರೇಷನ್. ಗಾಯ ಮಾಗಲು ಏಳು ವಾರ ಬಿಟ್ಟು ಕಿಮೋ. ಕಿಮೋ ಶುರುವಾದರೆ ನಾಲಿಗೆಯ ರುಚಿ ಹೋಗಬಹುದು ಎಂದರು ನರ್ಸ್. ಆ ಕೋಣೆಯಲ್ಲಿ ನಾನು ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದೆ. ಇವರು ಕೈಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು. ಕುದಿಸಿ ಹುಳಿಬರಿಸಲು ಎರಡು ವಾರ, ಬಾಟಲಿಯಲ್ಲಿ ಎರಡು ವಾರ.

"ನಾಲಿಗೆ ಹೋಗೋದ್ರೊಳಗೆ ಒಂದು ಗ್ಲಾಸ್ ಆಗುತ್ತೆ ಕಣೇ" ಅಂದರು. "ನನ್ನ ಕೈಯಾರೆ ಮಾಡಿದ್ದು, ಒಂದೇ ಒಂದು ಗ್ಲಾಸ್."

ಅವರು ಬೇಡಿದ್ದು ಅಷ್ಟೇ.

ಆಪರೇಷನ್ ಆಗಿ ಮನೆಗೆ ಬಂದ ವಾರ ಯುಗಾದಿ ಬಿತ್ತು. ವೆಂಬ್ಲಿಯ ಕಮ್ಯುನಿಟಿ ಹಾಲಿನಲ್ಲಿ ನಮ್ಮವರೆಲ್ಲ ಸೇರುವ ಊಟಕ್ಕೆ ಪ್ರತಿ ವರ್ಷ ಹುಳಿ ನನ್ನದೇ. ಈ ಸಲ ಬೇಡ ಬಿಡಿ ಎಂದು ಎಲ್ಲರೂ ಹೇಳಿದರು. ನಾನು ಕೇಳಲಿಲ್ಲ. ನೂರು ಜನ ಉಂಡು ಹಾರೈಸಿದರೆ ಇವರಿಗೆ ಒಳ್ಳೆಯದಾಗುತ್ತದೆ ಎಂದು ಮನಸ್ಸಿನಲ್ಲೇ ಹೇಳಿಕೊಂಡಿದ್ದೆ. ಹಬ್ಬದ ಬೆಳಿಗ್ಗೆ ನೋಡಿದರೆ, ಕೊಡುತ್ತೇವೆಂದವರು ದೊಡ್ಡ ಪಾತ್ರೆ ಕೊಡಲಿಲ್ಲ. ತಲೆ ಕೆಟ್ಟುಹೋಯಿತು. ಇವರು ಮಾತ್ರೆ ನುಂಗಿ ಮಹಡಿಯಲ್ಲಿ ಮಲಗಿದ್ದರು.

ಕೊನೆಗೆ ಗ್ಯಾರೇಜಿನ ಹೊಸಿಲು ದಾಟಿದವಳು ನಾನೇ. ಮೂರನೆಯ ಪೀಪಾಯಿಯನ್ನು ಹುಣಸೆಹಣ್ಣು, ಉಪ್ಪು ಹಾಕಿ ಮೂರು ಸಲ ತಿಕ್ಕಿದೆ. ಇವರು ಬಿಯರ್ ಕುದಿಸಲೆಂದು ತಂದಿಟ್ಟಿದ್ದ ಗ್ಯಾಸ್ ಒಲೆಯ ಮೇಲೇ ಇಟ್ಟು, ಬೇಳೆ, ಕುಂಬಳಕಾಯಿ, ಹುಳಿಪುಡಿ ಹಾಕಿ ಕುದಿಸಿ, ಮೇಲೆ ಧಾರಾಳವಾಗಿ ಇಂಗಿನ ಒಗ್ಗರಣೆ ಕೊಟ್ಟೆ. ನಲ್ಲಿ ತಿರುಗಿಸಿದರೆ ಹುಳಿ ತಾನಾಗಿ ಬಕೆಟ್ಟಿಗೆ ಇಳಿಯಿತು! ಹುಳಿ ಪಾತ್ರೆಗೆ ನಲ್ಲಿ ಇಡಬೇಕೆಂದು ನಮ್ಮ ಹಿರಿಯರಿಗೇಕೆ ಹೊಳೆಯಲಿಲ್ಲವೋ ಎಂದು ನಗು ಬಂತು. ವೆಂಬ್ಲಿಯಲ್ಲಿ ಜನ ಸೊರಸೊರ ಉಂಡು ಹೊಗಳಿದರು. ಬಿಯರ್ ಪೀಪಾಯಿಯದು ಎಂದು ಗೊತ್ತಾಗಿದ್ದರೆ ಎಷ್ಟು ಮಂದಿ ಮೂರ್ಛೆ ಹೋಗುತ್ತಿದ್ದರೋ.

ಸೋಪು, ಬಿಸಿನೀರು ಹಾಕಿ ಪೀಪಾಯಿಯನ್ನು ಫಳಫಳ ತೊಳೆದು, ಇದ್ದಲ್ಲೇ ಇಟ್ಟೆ. ಇವರಿಗೆ ಹೇಳಲಿಲ್ಲ. ಹೇಳಿದ್ದರೆ ಜನ್ಮಪೂರ್ತಿ ಆಡಿಕೊಳ್ಳುತ್ತಿದ್ದರು. ನನ್ನ ಹಾಳು ಜಂಬ! ಜನ್ಮ ಎಷ್ಟು ಉಳಿದಿದೆ ಎಂದು ಯೋಚಿಸುವ ಬುದ್ಧಿಯಾದರೂ ಬೇಡವೇ?

ಮುಂದಿನ ವಾರ ಅವರು ಗ್ಯಾರೇಜಿನಲ್ಲಿ ಕುರ್ಚಿ ಹಾಕಿಸಿಕೊಂಡು, ಹೊಟ್ಟೆಗೆ ದಿಂಬು ಒತ್ತಿಕೊಂಡು ಕೂತರು. ಎತ್ತುವುದು, ಸುರಿಯುವುದೆಲ್ಲ ಪಕ್ಕದ ಮನೆಯವರು. ಇವರದು ಬರೀ ಅಪ್ಪಣೆ. ಅಷ್ಟು ಖುಷಿಯಾಗಿದ್ದ ಮುಖವನ್ನು ಆಮೇಲೆ ನಾನು ನೋಡಲಿಲ್ಲ.

ಕಿಮೋಗೆ ನಾಲ್ಕು ದಿನ ಇತ್ತು. ಭಾನುವಾರ ಮಧ್ಯಾಹ್ನ ಮೊದಲ ಬಾಟಲಿ ತೆರೆದರು. ನನ್ನನ್ನೂ ಕರೆದರು. ಹೊಸಿಲ ಈಚೆಗೇ ನಿಂತೆ. ಗ್ಲಾಸಿಗೆ ಸುರಿದರೆ ಟೀವಿಯಲ್ಲಿ ಕಾಣುವಂಥ ನೊರೆ ನಿಲ್ಲಲಿಲ್ಲ, ಹಾಗೇ ಇಂಗಿಹೋಯಿತು. ಇವರು ಗ್ಲಾಸನ್ನು ಮೂಗಿನ ಹತ್ತಿರ ಹಿಡಿದರು. ಒಂದು ಗಳಿಗೆ ನನ್ನ ಮುಖ ನೋಡಿದರು. ಒಂದು ಗುಟುಕು ಕುಡಿದರು. ಪಕ್ಕದ ಮನೆಯವರೂ ಕುಡಿದು ಏನೋ ಹೇಳಲು ಬಾಯಿ ತೆರೆದಾಗ, ಇವರು ಅವರ ಮೊಣಕೈ ಒತ್ತಿದರು. ನಾನು ಅದನ್ನು ನೋಡಿದೆ. ಏನೂ ಅನ್ನಿಸಲಿಲ್ಲ.

"ಹೇಗಿದೆ ರೀ?"

"ಫಸ್ಟ್ ಕ್ಲಾಸ್ ಕಣೇ. ಹೆಸರಿಡೋ ಹಾಗೇ ಇಲ್ಲ."

ಗ್ಲಾಸು ಪೂರ್ತಿ ಖಾಲಿ ಮಾಡಿದರು. ಗುರುವಾರ ಕಿಮೋ ಶುರುವಾಯಿತು. ಹತ್ತು ದಿನಕ್ಕೆ ಬಾಯಿಗಿಟ್ಟದ್ದೆಲ್ಲ ತುಕ್ಕು ಕಬ್ಬಿಣದ ರುಚಿ ಅನ್ನತೊಡಗಿದರು. ಹೆಸರಿಡುವುದೂ ನಿಂತಿತು. ನಾನು ಬಡಿಸಿದ್ದನ್ನು ಸುಮ್ಮನೆ ನುಂಗುತ್ತಿದ್ದರು. ಆ ಮೌನ ತಡೆಯಲಾಗದೆ ಅಡಿಗೆಮನೆಗೆ ಹೋಗಿ ಅಳುತ್ತಿದ್ದೆ. ಮತ್ತೆ ಪೀಪಾಯಿ ಮುಟ್ಟಲಿಲ್ಲ. ಚಳಿಗಾಲ ಕಳೆಯುವುದರೊಳಗೆ ಹೋಗಿಬಿಟ್ಟರು.

ಆ ಒಂದು ಗ್ಲಾಸಾದರೂ ಅವರಿಗೆ ಸಿಕ್ಕಿತಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ವರ್ಷದ ತಿಥಿ ಮುಗಿದ ಮೇಲೆ, ಪೀಪಾಯಿಗಳನ್ನು ಏನು ಮಾಡಲಿ ಎಂದದ್ದಕ್ಕೆ ಮಗಳು ಫೋನಿನಲ್ಲಿ, "ಜಸ್ಟ್ ಗಿವ್ ದೆಮ್ ಅವೇ, ಅಮ್ಮಾ" ಅಂದಳು. ಕಳೆದ ಶನಿವಾರ ಪಕ್ಕದ ಮನೆಯವರನ್ನು ಕರೆದು, ಮೂರನ್ನೂ ನೀವೇ ಇಟ್ಟುಕೊಳ್ಳಿ ಎಂದೆ. ಅವರು ಗ್ಯಾರೇಜಿನ ಮುಂದಿನ ಹಾದಿಯಲ್ಲೇ ಕೂತು ನಲ್ಲಿಗಳನ್ನು ಬಿಚ್ಚತೊಡಗಿದರು. ಮೂರನೆಯದನ್ನು ಬಿಚ್ಚಿ ನೆಲಕ್ಕೆ ತಟ್ಟಿದಾಗ, ಒಣಗಿ ಕಲ್ಲಾದ ಬೇಳೆಯ ಹೆಂಟೆ ಉದುರಿತು. ಅದರಲ್ಲಿ ನಾಲ್ಕು ಸಾಸಿವೆ, ಕರಿಬೇವಿನ ಒಂದು ಕಡ್ಡಿ. ಬಗ್ಗಿ ಮೂಸಿದೆ. ಇಷ್ಟು ದಿನವಾದರೂ ಇಂಗು ವಾಸನೆ ಬಿಟ್ಟಿರಲಿಲ್ಲ.

ಮುದುಕರು ಆ ಹೆಂಟೆಯನ್ನು ಅಂಗೈಯಲ್ಲಿ ತಿರುಗಿಸಿ ನೋಡಿದರು. ಆಮೇಲೆ ಮೆಲ್ಲಗೆ ತಮ್ಮ ಇಂಗ್ಲಿಷಿನಲ್ಲಿ ಹೇಳಿದರು. ಆವತ್ತು ನಾನು ಒಳಗೆ ಹೋದ ಮೇಲೆ ಇವರು, "ಇದು ನನ್ನ ಹೆಂಡತಿಯ ಹುಳಿ. ಅವಳಿಗೆ ಗೊತ್ತಾಗಬಾರದು. ನೀನೂ ಹನಿ ಬಿಡದೆ ಕುಡಿ" ಅಂದಿದ್ದರಂತೆ.

ಎರಡು ಪೀಪಾಯಿ ಕೊಟ್ಟೆ. ಮೂರನೆಯದನ್ನು ತಂದು ಅಡಿಗೆಮನೆಯಲ್ಲಿ ಇಟ್ಟುಕೊಂಡಿದ್ದೇನೆ. ಒಲೆ ಮುಂದೆ ನಿಂತಾಗಲೆಲ್ಲ ಅದರ ಹತ್ತಿರ ಜಗಳ ಆಡುತ್ತೇನೆ. ಮೂವತ್ತಮೂರು ವರ್ಷ ಒಂದು ಹೊತ್ತೂ ಬಿಡದೆ ಹೆಸರಿಟ್ಟಿರಲ್ಲ, ಆವತ್ತೊಂದು ದಿನ, "ಇಂಗು ಜಾಸ್ತಿ ಆಯ್ತು ಕಣೇ" ಅಂತ ಅಂದುಬಿಡಬಾರದಿತ್ತೇನ್ರೀ?